ಆ 31 ಅಂಕ ಯಾರದು?

ಪ್ರಶ್ನೆ: ನಮ್ಮ ಅತ್ತಿಗೆಗೆ 38 ವರ್ಷ. ಪಲ್ಮನರಿ ಹೈಪರ್‌ಟೆನ್ಷನ್ ಇದೆ ಎಂದು ಹೋದ ವರ್ಷ ಗೊತ್ತಾಯಿತು, ಮಾತ್ರೆ ನಡೆಯುತ್ತಿದೆ. ಈ ಸಲ ಬೆಂಗಳೂರಿಗೆ ತೋರಿಸಲು ಹೋದಾಗ ಎಕೋ, ರಕ್ತಪರೀಕ್ಷೆ, ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ನೋಡುವ ಪರೀಕ್ಷೆ ಎಲ್ಲ ಆದ ಮೇಲೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಅಣ್ಣನೇ ಓದಿಕೊಂಡು ಅತ್ತಿಗೆಯ ಪರವಾಗಿ ಗುರುತು ಹಾಕಿ ಕೊಟ್ಟ. ಒಟ್ಟು 31 ಬಂತು. ಎಕೋದಲ್ಲಿ ಪ್ರೆಶರ್ ಇಳಿದಿದೆ ಎಂದರು. ಆದರೆ ಮನೆಯಲ್ಲಿ ಅತ್ತಿಗೆ ಮೊದಲಿಗಿಂತ ಹೆಚ್ಚು ಹೊತ್ತು ಮಲಗಿಯೇ ಇರುತ್ತಾರೆ. ಇಷ್ಟೆಲ್ಲ ಯಂತ್ರಗಳಿರುವಾಗ ಆ ಹಾಳೆ ಯಾತಕ್ಕೆ? ಬದುಕು ಹೇಗಿದೆ ಎನ್ನುವುದನ್ನು ಅಂಕಿಯಲ್ಲಿ ಹೇಳಲು ಬರುತ್ತದೆಯೆ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಬರುತ್ತದೆ. ಆದರೆ ಆ ಅಂಕಿ ನಿಮ್ಮ ಅತ್ತಿಗೆಯ ಉತ್ತರದಿಂದ ಹುಟ್ಟಬೇಕು. ಈಗ ಹಾಳೆಯ ಮೇಲಿರುವ 31 ನಿಮ್ಮ ಅಣ್ಣ ಹೆಂಡತಿಯನ್ನು ನೋಡಿಕೊಂಡು ಮಾಡಿದ ಅಂದಾಜು. ಕಾಳಜಿಯಿಂದಲೇ ಮಾಡಿದ್ದಾರೆ, ಅನುಮಾನವಿಲ್ಲ. ಆದರೂ ಅದು ಅವರ ಅಂಕ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಮಾತು: ಪ್ರೆಶರ್ ಇಳಿದಿದೆ, ಮಲಗುವುದು ಹೆಚ್ಚಿದೆ. ಮೊದಲು ಅದನ್ನು ಬಿಡಿಸಿ ನೋಡೋಣ. ಹಾಳೆ ಯಾತಕ್ಕೆ ಬೇಕಾಯಿತು ಎಂಬುದೂ ಅಲ್ಲೇ ತಿಳಿಯುತ್ತದೆ.

ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಹೃದಯದ ಎಡಭಾಗದ ಕೆಲಸವನ್ನು ಹೇಳುತ್ತದೆ. ಎಡಭಾಗ ಇಡೀ ಮೈಗೆ ರಕ್ತ ನೂಕುತ್ತದೆ. ಬಲಭಾಗ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಮಾತ್ರ ನೂಕಿದರೆ ಸಾಕು, ಆದ್ದರಿಂದ ಅದರ ಗೋಡೆ ತೆಳು, ಅದು ಹಾಕಬೇಕಾದ ಬಲವೂ ಕಡಿಮೆ. ಆರೋಗ್ಯವಂತರು ಸುಮ್ಮನೆ ಮಲಗಿದ್ದಾಗ ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಮೊದಲೆಲ್ಲ ಇದು 25 ಮುಟ್ಟಿದರೆ ರೋಗ ಎನ್ನುತ್ತಿದ್ದರು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸೇರಿದ ತಜ್ಞರ ವಿಶ್ವ ಸಮ್ಮೇಳನ ಆ ಗೆರೆಯನ್ನು 20ಕ್ಕೆ ಇಳಿಸಿತು. ಶ್ವಾಸಕೋಶದ ಸಣ್ಣ ರಕ್ತನಾಳಗಳು ದಪ್ಪಗಟ್ಟಿ ಕಿರಿದಾದಾಗ, ಹಳೆಯ ಹೆಪ್ಪು ಅಡ್ಡ ನಿಂತಾಗ, ಅಥವಾ ಎಡಹೃದಯದ ಕವಾಟ ಕೆಟ್ಟು ರಕ್ತ ಹಿಂದಕ್ಕೆ ಒತ್ತಿದಾಗ ಈ ಒತ್ತಡ ಏರುತ್ತದೆ. ತೆಳು ಗೋಡೆಯ ಬಲಹೃದಯ ಅದರ ಎದುರು ವರ್ಷಗಟ್ಟಲೆ ನೂಕಿ ನೂಕಿ ಹಿಗ್ಗುತ್ತದೆ, ಸೋಲತೊಡಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ನಾಲ್ಕು ಹೆಜ್ಜೆಗೆ ಸುಸ್ತು, ಕಾಲು ಊತ, ಕೆಲವೊಮ್ಮೆ ಎಚ್ಚರ ತಪ್ಪಿ ಬೀಳುವುದು ಹೀಗೇ ಬರುತ್ತವೆ.

ಇಲ್ಲಿ ಮನೆಯವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಪ್ರೆಶರ್ ಎರಡು ಕಾರಣಕ್ಕೆ ಇಳಿಯಬಹುದು. ಮಾತ್ರೆ ಕೆಲಸ ಮಾಡಿ ರಕ್ತನಾಳ ಸಡಿಲವಾದರೂ ಇಳಿಯುತ್ತದೆ. ಬಲಹೃದಯ ಬಳಲಿ, ಅಷ್ಟು ಒತ್ತಡ ಹುಟ್ಟಿಸುವ ಶಕ್ತಿಯೇ ಉಳಿಯದಿದ್ದರೂ ಇಳಿಯುತ್ತದೆ. ಮೊದಲನೆಯದು ಒಳ್ಳೆಯದು, ಎರಡನೆಯದು ಅಪಾಯದ್ದು. ಜೊತೆಗೆ ಎಕೋ ಹೇಳುವುದೂ ಅಂದಾಜೇ. ನಿಖರ ಒತ್ತಡ ಬೇಕೆಂದರೆ ರಕ್ತನಾಳದ ಮೂಲಕ ಬಲಹೃದಯದೊಳಕ್ಕೆ ಕ್ಯಾತಿಟರ್ ಕಳಿಸಿ ಅಳೆಯಬೇಕು. ಪರಿಣತ ವೈದ್ಯರು ಒತ್ತಡ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ಬಲಹೃದಯದ ಗಾತ್ರ, ಹೃದಯದ ಬಳಲಿಕೆಯನ್ನು ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತದಲ್ಲಿ ಎಷ್ಟಿದೆ ಎಂಬುದು, ನಡೆಯುವ ದೂರ ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಅಷ್ಟೆಲ್ಲ ಸೇರಿಸಿದರೂ ಒಂದು ಬಿಟ್ಟುಹೋಗುತ್ತದೆ. ಕ್ಯಾತಿಟರ್ ಕೊಡುವ ಅಂಕಿಗೂ ರೋಗಿ ದಿನ ಕಳೆಯುವ ರೀತಿಗೂ ನಂಟು ದುರ್ಬಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು. ಒಂದೇ ಒತ್ತಡ ಇರುವ ಇಬ್ಬರಲ್ಲಿ ಒಬ್ಬರು ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಾರೆ, ಇನ್ನೊಬ್ಬರು ಸ್ನಾನ ಮಾಡಿ ಬಂದು ಅರ್ಧ ಗಂಟೆ ಮಂಚದಂಚಿನಲ್ಲಿ ಕೂರುತ್ತಾರೆ. ಯಂತ್ರಕ್ಕೆ ಈ ವ್ಯತ್ಯಾಸ ಕಾಣದು. ಕೇಳಿಯೇ ತಿಳಿಯಬೇಕು.

ಯಂತ್ರದ ಅಂಕಿ, ರೋಗಿಯ ಮಾತು, ಆರು ನಿಮಿಷದ ನಡಿಗೆ ಈ ಎರಡರ ನಡುವಿನದು. ಸಾಮಾನ್ಯವಾಗಿ 30 ಮೀಟರಿನ ಕಾರಿಡಾರಿನಲ್ಲಿ ಹೋಗಿ ಬಂದು ನಡೆಯಬೇಕು, ಸುಸ್ತಾದರೆ ನಿಲ್ಲಬಹುದು, ಒಟ್ಟು ಎಷ್ಟು ದೂರ ಎಂದು ಬರೆದುಕೊಳ್ಳುತ್ತಾರೆ. 440 ಮೀಟರಿಗಿಂತ ಹೆಚ್ಚಾದರೆ ಅಪಾಯ ಕಡಿಮೆ, 165ಕ್ಕಿಂತ ಕೆಳಗಾದರೆ ಹೆಚ್ಚು ಎಂದು ಯುರೋಪಿನ ಮಾರ್ಗಸೂಚಿ ಗೆರೆ ಎಳೆದಿದೆ. ಈ ರೋಗದ ಎಷ್ಟೋ ಔಷಧಗಳು ಒಪ್ಪಿಗೆ ಪಡೆದದ್ದು ಇಂಥ ಮೀಟರುಗಳ ಬಲದ ಮೇಲೆಯೇ. ಆದರೆ ಎಷ್ಟು ಮೀಟರ್ ಹೆಚ್ಚಿದರೆ ರೋಗಿಗೆ ಅದು ‘ಹೌದು, ಪರವಾಗಿಲ್ಲ ಈಗ’ ಎನ್ನುವಂತೆ ಅನುಭವಕ್ಕೆ ಬರುತ್ತದೆ? ಅಮೆರಿಕದ ಸಂಶೋಧಕರು ತಡಾಲಫಿಲ್ ಔಷಧದ ಪ್ರಯೋಗದಲ್ಲಿದ್ದ 405 ರೋಗಿಗಳ ಮಾಹಿತಿ ಇಟ್ಟುಕೊಂಡು ಇದನ್ನು ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದರು. ಸುಮಾರು 33 ಮೀಟರ್ ಎಂದು ಬಂತು. ಗಮನಿಸಿ, ಈ 33ನ್ನು ಅವರು ಕಂಡುಕೊಂಡದ್ದು ಅದೇ ರೋಗಿಗಳು ತುಂಬಿದ್ದ ಪ್ರಶ್ನಾವಳಿಗೆ ಮೀಟರುಗಳನ್ನು ಹೋಲಿಸಿ. ಮೀಟರಿಗೆ ಅರ್ಥ ಕೊಟ್ಟದ್ದೂ ರೋಗಿಯ ಉತ್ತರವೇ.

ಈ ಪ್ರಶ್ನಾವಳಿಗಳು ಬಂದದ್ದು ಸ್ವಲ್ಪ ತಡವಾಗಿ. ಅದಕ್ಕೆ ಕಾರಣ ನೋವಿನದು. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ರೋಗದ ಒಂದು ಬಗೆಯ ನೋಂದಣಿ ನಡೆದಾಗ ಅರ್ಧದಷ್ಟು ರೋಗಿಗಳು ರೋಗ ಪತ್ತೆಯಾದ 2.8 ವರ್ಷದೊಳಗೆ ತೀರಿಕೊಂಡಿದ್ದರು. (ದಯವಿಟ್ಟು ಈ ಅಂಕಿಯನ್ನು ನಿಮ್ಮ ಅತ್ತಿಗೆಗೆ ಹಚ್ಚಬೇಡಿ. ಅದು ಈ ರೋಗಕ್ಕೆಂದೇ ಔಷಧ ಇಲ್ಲದಿದ್ದ ಕಾಲದ್ದು.) ಆಗ ಎಲ್ಲರ ಕಣ್ಣೂ ಇನ್ನೆಷ್ಟು ದಿನ ಎನ್ನುವುದರ ಮೇಲಿತ್ತು. 1996ರಲ್ಲಿ ಎಪೊಪ್ರೊಸ್ಟೆನಾಲ್ ಔಷಧದ 12 ವಾರದ ಪ್ರಯೋಗ ಪ್ರಕಟವಾಯಿತು. 81 ರೋಗಿಗಳಲ್ಲಿ ಎಂಟು ಮಂದಿ ಸತ್ತರು, ಎಂಟೂ ಜನ ಆ ಔಷಧ ಸಿಗದ ಗುಂಪಿನವರು. ಜೀವ ಉಳಿಸುವ ಔಷಧ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೆ ಅದನ್ನು ತೆಗೆದುಕೊಳ್ಳುವುದು ಹೇಗೆ? ಎದೆಯ ದೊಡ್ಡ ರಕ್ತನಾಳಕ್ಕೆ ಕೂರಿಸಿದ ಕೊಳವೆ, ಸೊಂಟದಲ್ಲಿ ಪಂಪು, ಹಗಲೂ ರಾತ್ರಿ ಹನಿಹನಿಯಾಗಿ ಔಷಧ. ರಕ್ತದಲ್ಲಿ ಅದರ ಆಯುಸ್ಸು ಕೆಲವೇ ನಿಮಿಷ, ಆದ್ದರಿಂದ ಪಂಪು ನಿಂತರೆ ಪ್ರಾಣಕ್ಕೇ ಸಂಚಕಾರ. ಕೊಳವೆಯಲ್ಲಿ ಸೋಂಕಾಗುವ ಭಯ, ಊಟದ ಮೊದಲ ತುತ್ತಿಗೇ ದವಡೆ ನೋವು. ಇಷ್ಟನ್ನು ಹೊತ್ತುಕೊಂಡು ಬದುಕುವವರ ದಿನ ಹೇಗಿರುತ್ತದೆ ಎಂದು ಕೇಳದೆ ಔಷಧವನ್ನು ಅಳೆಯಲು ಬರುವುದಿಲ್ಲ. ಆ ಪ್ರಯೋಗದಲ್ಲೇ ಕೇಳಿದ್ದರು. ಔಷಧ ಪಡೆದವರ ಬದುಕಿನ ಗುಣಮಟ್ಟವೂ ಸುಧಾರಿಸಿತ್ತು. ಆದರೆ ಕೇಳಲು ಬಳಸಿದ ಪ್ರಶ್ನೆಗಳು ಈ ರೋಗಿಗಳಿಗೆಂದು ಕಟ್ಟಿದವಾಗಿರಲಿಲ್ಲ. ಬೇರೆ ಕಾಯಿಲೆಗಳಿಗೆ ಮಾಡಿದ್ದನ್ನು ಎರವಲು ತಂದಿದ್ದರು.

ಎರವಲಿನ ತೊಂದರೆ ಏನೆಂದರೆ, ಎಲ್ಲ ಕಾಯಿಲೆಗೂ ಹೊಂದುವ ಪ್ರಶ್ನೆ ಈ ಕಾಯಿಲೆಯ ಮುಖ್ಯ ಸಂಕಟವನ್ನೇ ದಾಟಿ ಹೋಗಬಹುದು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಇಕ್ಯೂ-5ಡಿ ಎಂಬ ಪ್ರಶ್ನಾವಳಿ ಓಡಾಟ, ಸ್ವಂತ ಆರೈಕೆ, ನಿತ್ಯದ ಕೆಲಸ, ನೋವು, ಆತಂಕ-ಖಿನ್ನತೆ ಎಂಬ ಐದನ್ನು ಕೇಳುತ್ತದೆ. ಉಸಿರಿನ ಮಾತೇ ಅದರಲ್ಲಿಲ್ಲ. ಶ್ವಾಸಕೋಶದ ಒತ್ತಡದವರಿಗೆ ಸಾಮಾನ್ಯವಾಗಿ ಮುಖ್ಯ ಕಷ್ಟ ನೋವಲ್ಲ, ಉಸಿರು ಮತ್ತು ಸುಸ್ತು.

ಈ ಕೊರತೆ ತುಂಬಲು ಇಂಗ್ಲೆಂಡಿನಲ್ಲಿ ಎರಡು ಒಳ್ಳೆಯ ಪ್ರಶ್ನಾವಳಿಗಳು ತಯಾರಾದವು. ಮೊದಲನೆಯದು ಕ್ಯಾಂಫರ್. ಕೇಂಬ್ರಿಜ್ ಹತ್ತಿರದ ಪ್ಯಾಪ್‌ವರ್ತ್ ಆಸ್ಪತ್ರೆಯ 35 ರೋಗಿಗಳನ್ನು ಕೂರಿಸಿಕೊಂಡು, ಅವರು ಹೇಳಿದ್ದನ್ನೆಲ್ಲ ಕೇಳಿ, ಅವರ ಮಾತಿನಿಂದಲೇ ವಾಕ್ಯಗಳನ್ನು ಆರಿಸಿ ಕಟ್ಟಿ 2006ರಲ್ಲಿ ಪ್ರಕಟಿಸಿದರು. ಅದರಲ್ಲಿ 65 ವಾಕ್ಯಗಳಿವೆ: 25 ರೋಗದ ಲಕ್ಷಣಗಳ ಬಗ್ಗೆ, 15 ಏನು ಮಾಡಲಾಗುತ್ತದೆ ಎಂಬುದರ ಬಗ್ಗೆ, 25 ಬದುಕಿನ ಗುಣಮಟ್ಟದ ಬಗ್ಗೆ. ನನಗೆ ಇಷ್ಟವಾದದ್ದು ಅದರ ಹಿಂದಿನ ಯೋಚನೆ. ಮನುಷ್ಯರಿಗೆ ಕೆಲವು ಅಗತ್ಯಗಳಿವೆ: ಇನ್ನೊಬ್ಬರಿಗೆ ಬೇಕಾಗಿರುವುದು, ಹಂಗಿಲ್ಲದೆ ಓಡಾಡುವುದು, ನಾಳೆಯ ಬಗ್ಗೆ ಯೋಜನೆ ಮಾಡಲು ಸಾಧ್ಯವಾಗುವುದು. ರೋಗ ಇವುಗಳಲ್ಲಿ ಎಷ್ಟಕ್ಕೆ ಅಡ್ಡ ಬಂದಿದೆ ಎಂಬುದನ್ನು ಬದುಕಿನ ಗುಣಮಟ್ಟ ಎಂದು ಕರೆದರು. ಎಷ್ಟು ಮೆಟ್ಟಿಲು ಹತ್ತಲಾಗುತ್ತದೆ ಎಂಬ ಲೆಕ್ಕವನ್ನು ಬೇರೆ ಇಟ್ಟರು.

65 ವಾಕ್ಯಗಳನ್ನು ಹೊರರೋಗಿ ವಿಭಾಗದ ಗದ್ದಲದಲ್ಲಿ ತುಂಬುವುದು ಕಷ್ಟ. ಆದ್ದರಿಂದ 2014ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ, ಅಲ್ಲಿನ ರೋಗಿಗಳ ಸಂಘದೊಡನೆ ಸೇರಿ, ಹತ್ತೇ ಪ್ರಶ್ನೆಗಳ ಎಂಫಸಿಸ್-10 ತಂದಿತು. ನಿಮಗೆ ಕೊಟ್ಟದ್ದು ಬಹುಶಃ ಇದೇ. ಒಂದು ತುದಿಯಲ್ಲಿ ಒಂದು ಮಾತು, ಇನ್ನೊಂದು ತುದಿಯಲ್ಲಿ ಅದರ ವಿರುದ್ಧದ ಮಾತು, ನಡುವೆ 0ಯಿಂದ 5ರವರೆಗೆ ಅಂಕಿ. ಒಟ್ಟು 50. ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಉಸಿರು, ಸುಸ್ತು, ಹಗಲು ಮಲಗಬೇಕಾಗುವುದು, ಮೆಟ್ಟಿಲು ಇವಿಷ್ಟರ ಜೊತೆಗೆ ಜನರ ನಡುವೆ ಹೋಗುವ ಧೈರ್ಯ ಇದೆಯೇ, ರೋಗ ತನ್ನ ಬದುಕನ್ನು ಆಳುತ್ತಿದೆ ಅನ್ನಿಸುತ್ತದೆಯೇ, ತಾನು ಇತರರಿಗೆ ಹೊರೆ ಅನ್ನಿಸುತ್ತದೆಯೇ ಎಂದೂ ಕೇಳುತ್ತದೆ. ಒಂದು ಭೇಟಿಯಿಂದ ಮತ್ತೊಂದಕ್ಕೆ ಸುಮಾರು 6 ಅಂಕ ವ್ಯತ್ಯಾಸವಾದರೆ ಅದನ್ನು ನಿಜವಾದ ಬದಲಾವಣೆ ಎಂದು ಎಣಿಸಬಹುದು ಎಂಬುದು ಅಮೆರಿಕದ ಒಂದು ಅಧ್ಯಯನದ ಲೆಕ್ಕ. 2021ರಲ್ಲಿ ಬ್ರಿಟನ್ನಿನ ಹಲವು ಆಸ್ಪತ್ರೆಗಳ ಮಾಹಿತಿ ಸೇರಿಸಿ ನೋಡಿದಾಗ ಈ ಅಂಕ ಹೆಚ್ಚಿದ್ದವರ ಆಯುಸ್ಸಿಗೂ ಹೆಚ್ಚು ಅಪಾಯವಿತ್ತು. ರೋಗಿ ತನ್ನ ಬಗ್ಗೆ ಹೇಳಿಕೊಂಡ ಹತ್ತು ಮಾತು ಮುಂದಾಗುವುದನ್ನು ಸೂಚಿಸುತ್ತಿತ್ತು. ಅದನ್ನು ಬರೀ ಅನಿಸಿಕೆ ಎಂದು ಬದಿಗಿಡುವಂತಿಲ್ಲ.

ಹೀಗೆ ಕೇಳಿದ್ದರಿಂದ ಸಿಕ್ಕ ತಿಳಿವಳಿಕೆಗೆ ಎರಡು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವೈದ್ಯರು 30 ರೋಗಿಗಳಲ್ಲಿ ಅರ್ಧ ಜನಕ್ಕೆ 15 ವಾರ ವ್ಯಾಯಾಮ ಮತ್ತು ಉಸಿರಾಟದ ತರಬೇತಿ ಕೊಟ್ಟರು. ಮೊದಲ ಮೂರು ವಾರ ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು. ಕೊನೆಗೆ ಎರಡು ಗುಂಪಿನ ನಡಿಗೆಯಲ್ಲಿ 111 ಮೀಟರ್ ವ್ಯತ್ಯಾಸ ಬಂತು, ತರಬೇತಿ ಪಡೆದವರ ಬದುಕಿನ ಗುಣಮಟ್ಟದ ಅಂಕ ಏರಿತು. ಶ್ವಾಸಕೋಶದ ಒತ್ತಡದಲ್ಲಿ ಗಣನೀಯ ಬದಲಾವಣೆ ಆಗಿರಲಿಲ್ಲ. ಒತ್ತಡ ಒಂದನ್ನೇ ನೋಡಿದ್ದರೆ ಆ ತರಬೇತಿ ವ್ಯರ್ಥ ಎಂದು ಬರೆದು ಮುಗಿಸುತ್ತಿದ್ದರು. (ಇದನ್ನು ಓದಿ ಅತ್ತಿಗೆಯನ್ನು ಬೆಳಗಿನ ವಾಕಿಂಗಿಗೆ ಹೊರಡಿಸಬೇಡಿ. ಈ ರೋಗದಲ್ಲಿ ವ್ಯಾಯಾಮ ತಜ್ಞರ ನಿಗಾದಲ್ಲೇ ಶುರುವಾಗಬೇಕು.) ಎರಡನೆಯದು 2023ರ ಸೊಟಾಟರ್ಸೆಪ್ಟ್ ಎಂಬ ಹೊಸ ಔಷಧದ್ದು. 323 ರೋಗಿಗಳ ಪ್ರಯೋಗ, 24 ವಾರಕ್ಕೆ ನಡಿಗೆಯಲ್ಲಿ ಸುಮಾರು 41 ಮೀಟರ್ ಲಾಭ. ಇದರಲ್ಲಿ ಪಿಎಎಚ್-ಸಿಂಪ್ಯಾಕ್ಟ್ ಎಂಬ ಪ್ರಶ್ನಾವಳಿ ಬಳಸಿದರು. ಉಸಿರು, ದೇಹದ ಕೆಲಸಗಳ ಅಂಕ ಸುಧಾರಿಸಿತು. ಮನಸ್ಸಿಗೆ, ಯೋಚನೆಗೆ ಸಂಬಂಧಿಸಿದ ಅಂಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮೈ ಹಗುರಾದೊಡನೆ ಮನಸ್ಸೂ ತಾನಾಗಿ ಹಗುರಾಗುತ್ತದೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಅದಕ್ಕೆ ಬೇರೆಯೇ ಆರೈಕೆ ಬೇಕು, ಬೇರೆಯಾಗಿಯೇ ಕೇಳಬೇಕು.

ಈಗ ನಿಮ್ಮ ಅಣ್ಣನ ವಿಷಯ. ನಮ್ಮ ಆಸ್ಪತ್ರೆಗಳಲ್ಲಿ ಇದು ನಿತ್ಯ ನಡೆಯುವುದೇ. ಡಾಕ್ಟರು ಹೆಂಗಸನ್ನು ಕೇಳುತ್ತಾರೆ, ಜೊತೆಗೆ ಬಂದ ಗಂಡನೋ ಮಗನೋ ಉತ್ತರ ಕೊಡುತ್ತಾನೆ. ಊಟ ಮಾಡ್ತಾಳೆ, ನಿದ್ದೆ ಮಾಡ್ತಾಳೆ, ಪರವಾಗಿಲ್ಲ. ಹೊರಗಿನಿಂದ ಕಾಣುವುದನ್ನು ಮನೆಯವರು ಹೆಚ್ಚುಕಡಿಮೆ ಸರಿಯಾಗಿ ಹೇಳಬಲ್ಲರು: ನಡೆಯುವುದು, ಮೆಟ್ಟಿಲು, ಕಾಲಿನ ಊತ. ಒಳಗಿನದನ್ನು ಹೇಳಲಾರರು. ಹೊರೆಯಾಗಿದ್ದೇನೆ ಅನ್ನಿಸುತ್ತದೆಯೇ ಎಂಬ ಪ್ರಶ್ನೆಗೆ ಗಂಡ ಹೇಗೆ ಉತ್ತರ ಕೊಟ್ಟಾನು? ಪ್ರೀತಿಯಿದ್ದಷ್ಟೂ ‘ಇಲ್ಲ’ ಎಂದೇ ಗುರುತು ಹಾಕುತ್ತಾನೆ. ಅವನೆದುರು ಅವಳೂ ಬಾಯಿಬಿಟ್ಟು ‘ಹೌದು’ ಎನ್ನುವುದು ಕಷ್ಟ. 38ರ ಹೆಂಗಸಿಗೆ ಈ ರೋಗ ತರುವ ಬೇರೆ ಸಂಕಟಗಳೂ ಇವೆ. ಬಸಿರು ಜೀವಕ್ಕೆ ಅಪಾಯ ಎಂದು ವೈದ್ಯರು ಎಚ್ಚರಿಸಿರುತ್ತಾರೆ. ದಾಂಪತ್ಯದ ಹತ್ತಿರಕ್ಕೂ ಭಯ ಬಂದು ಕೂತಿರುತ್ತದೆ. ಹೊರಗೆ ಆರೋಗ್ಯವಾಗಿಯೇ ಕಾಣುವುದರಿಂದ ‘ಏನಾಗಿದೆ ಇವಳಿಗೆ, ಸದಾ ಮಲಗಿರ್ತಾಳೆ’ ಎಂಬ ನೆಂಟರ ಮಾತು ಬೇರೆ. ಇದನ್ನೆಲ್ಲ ಆಕೆ ತಾನೇ ಕೂತು, ಯಾರೂ ಪಕ್ಕದಲ್ಲಿ ಇಣುಕದಿರುವಾಗ ಮಾತ್ರ ಹೇಳಿಯಾಳು.

ಓದಲು ಬರದವರಿಗೆ, ಇಂಗ್ಲಿಷ್ ತಿಳಿಯದವರಿಗೆ ಸಿಬ್ಬಂದಿಯೊಬ್ಬರು ಪಕ್ಕಕ್ಕೆ ಕರೆದು ಓದಿ ಹೇಳುವುದು ಸಾಧ್ಯ. ಆದರೆ ಓದುವವರು ಅಲ್ಲಲ್ಲೇ ತಮಗೆ ತೋಚಿದಂತೆ ಕನ್ನಡ ಮಾಡಿದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದಂತಾಗುತ್ತದೆ, ಅಂಕಗಳನ್ನು ಹೋಲಿಸಲು ಬರುವುದಿಲ್ಲ. ಪ್ರಶ್ನಾವಳಿಯನ್ನು ಇನ್ನೊಂದು ಭಾಷೆಗೆ ತರುವ ಕ್ರಮವೇ ಬೇರೆ. ಇಬ್ಬರು ಬೇರೆ ಬೇರೆ ಅನುವಾದಿಸುತ್ತಾರೆ, ಮೂರನೆಯವರು ಅದನ್ನು ಮೂಲಕ್ಕೆ ತಿರುಗಿಸಿ ತಾಳೆ ನೋಡುತ್ತಾರೆ. ಆಮೇಲೆ ರೋಗಿಗಳಿಗೆ ಓದಿಸಿ ಏನು ಅರ್ಥವಾಯಿತೆಂದು ಕೇಳುತ್ತಾರೆ. ಸ್ಥಿತಿ ಬದಲಾಗದ ರೋಗಿ ಎರಡು ವಾರದ ಅಂತರದಲ್ಲಿ ತುಂಬಿದಾಗ ಅಂಕ ಹೆಚ್ಚುಕಡಿಮೆ ಅದೇ ಬರಬೇಕು. ಇಕ್ಯೂ-5ಡಿಗೂ, ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಡಬ್ಲ್ಯುಎಚ್ಒಕ್ಯೂಒಎಲ್-ಬ್ರೆಫ್‌ಗೂ ಕನ್ನಡ ರೂಪಗಳಿವೆ. ಎರಡನೆಯದರ ಬಗ್ಗೆ ನನಗೆ ವಿಶೇಷ ಅಭಿಮಾನ. ಕೈಯಲ್ಲಿ ಸಾಕಷ್ಟು ಹಣವಿದೆಯೇ, ವಾಸದ ಜಾಗ ಹೇಗಿದೆ, ಆಸ್ಪತ್ರೆಗೆ ಹೋಗಿಬರಲು ಅನುಕೂಲವಿದೆಯೇ ಎಂದೂ ಅದು ಕೇಳುತ್ತದೆ. ತಿಂಗಳ ಮಾತ್ರೆಯ ಖರ್ಚು, ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದು ಸರದಿಯಲ್ಲಿ ನಿಲ್ಲುವ ಬವಣೆ, ಅಣ್ಣ ಕಳೆದುಕೊಂಡ ಕೂಲಿಯೋ ರಜೆಯೋ ನಮ್ಮ ರೋಗಿಗಳ ಬದುಕಿನ ಗುಣಮಟ್ಟದ ದೊಡ್ಡ ಪಾಲು. ಎಂಫಸಿಸ್-10ರ ಹತ್ತು ಪ್ರಶ್ನೆಗಳಲ್ಲಿ ಇದಕ್ಕೆ ಜಾಗವಿಲ್ಲ.

ನಮ್ಮಲ್ಲಿ ರೋಗದ ಮೂಲವೂ ಬೇರೆ. ನೆರೆಯ ಕೇರಳದ 50 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿದ ಪ್ರೊಕೇರಳ ಎಂಬ ನೋಂದಣಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಎಡಹೃದಯದ ತೊಂದರೆಯಿಂದ ಒತ್ತಡ ಬಂದಿತ್ತು. ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗಿ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರದ ಪಾಲೂ ಅದರಲ್ಲಿದೆ. ಇಂಗ್ಲೆಂಡಿನ ರೋಗಿಗಳ ಸರಾಸರಿಯ ಜೊತೆ ನಿಮ್ಮ ಅತ್ತಿಗೆಯ ಅಂಕವನ್ನು ಹೋಲಿಸುವುದರಿಂದ ದೊಡ್ಡ ಪ್ರಯೋಜನವಿಲ್ಲ. ಅವರದೇ ಹಿಂದಿನ ಅಂಕದೊಡನೆ ಹೋಲಿಸಬೇಕು.

ಇನ್ನೊಂದು ಸೂಕ್ಷ್ಮ ಇದೆ. ರೋಗ ನಿಧಾನವಾಗಿ ಬಂದಾಗ ಮನುಷ್ಯರು ಕೆಲಸಗಳನ್ನು ಒಂದೊಂದಾಗಿ ಬಿಡುತ್ತ ಹೋಗುತ್ತಾರೆ. ಮಹಡಿಗೆ ಹೋಗುವುದನ್ನು ಬಿಟ್ಟವರನ್ನು ಮೆಟ್ಟಿಲು ಹತ್ತಿದರೆ ಕಷ್ಟವೇ ಎಂದು ಕೇಳಿದರೆ ‘ಅಂಥದ್ದೇನಿಲ್ಲ’ ಎನ್ನುತ್ತಾರೆ, ಏಕೆಂದರೆ ಹತ್ತುವುದೇ ಇಲ್ಲ. ಅಂಕ ಚೆನ್ನಾಗಿ ಕಾಣುತ್ತದೆ, ಬದುಕು ಮಾತ್ರ ಒಂದು ಕೋಣೆಯಷ್ಟಾಗಿರುತ್ತದೆ. ನಮ್ಮ ಕಡೆ ಇದು ಬಗ್ಗುವ ಕೆಲಸಗಳಲ್ಲಿ ಮೊದಲು ಕಾಣುತ್ತದೆ. ಮುಂದಕ್ಕೆ ಬಗ್ಗಿದ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದಂತಾಗುವುದು ಹೃದಯದ ಸೋಲಿನ ಗುರುತಿಸಲ್ಪಟ್ಟ ಲಕ್ಷಣ. ಅಂಗಳ ಗುಡಿಸುವುದು, ರಂಗೋಲಿ ಹಾಕುವುದು, ಕುಕ್ಕರುಗಾಲಿನಲ್ಲಿ ಕೂತು ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ಕಾಫಿ ಕಣದಲ್ಲಿ ಬಗ್ಗಿ ಬೀಜ ಆರಿಸುವುದು ಬಗ್ಗಿ ಮಾಡುವ ಕೆಲಸಗಳೇ. ಇಂಗ್ಲೆಂಡಿನ ಪ್ರಶ್ನಾವಳಿ ಇವನ್ನು ಕೇಳುವುದಿಲ್ಲ, ನೀವು ಕೇಳಬಹುದು. ಒಂದು ವರ್ಷದ ಹಿಂದೆ ಮಾಡುತ್ತಿದ್ದು ಈಗ ಯಾವ ಯಾವ ಕೆಲಸ ಬಿಟ್ಟಿದ್ದೀರಿ, ಯಾವುದನ್ನು ಬೇರೆಯವರು ವಹಿಸಿಕೊಂಡರು, ಮತ್ತೆ ಮಾಡಬೇಕೆಂದು ಆಸೆಯಿರುವುದು ಯಾವುದು ಎಂದು ಅತ್ತಿಗೆಯನ್ನು ಸಮಾಧಾನದಲ್ಲಿ ಕೇಳಿ, ಅವರ ಮಾತಿನಲ್ಲೇ ಬರೆದಿಡಿ. ಈ ಕೆಲಸಕ್ಕೆ ಅಣ್ಣನಿಗಿಂತ ನಾದಿನಿಯೋ ಮೈದುನನೋ ಆದ ನೀವೇ ವಾಸಿ ಅನ್ನಿಸುತ್ತದೆ.

ಹಾಳೆಯನ್ನು ಮತ್ತೆ ತುಂಬಿಸಿ. ಹೋಗುವ ಹಿಂದಿನ ದಿನ ಮನೆಯಲ್ಲೇ, ಅತ್ತಿಗೆ ಒಬ್ಬರೇ ಕೂತು ತುಂಬಲಿ. ಇಂಗ್ಲಿಷ್ ತೊಡಕಾದರೆ ಅವರು ಸಲುಗೆಯಿಂದ ಮಾತಾಡುವ ಯಾರಾದರೂ ಅರ್ಥ ಹೇಳಲಿ, ಗುರುತು ಮಾತ್ರ ಅವರೇ ಹಾಕಲಿ. ಇಂಥದ್ದೇ ಉತ್ತರ ಸರಿ ಎಂಬುದು ಇದರಲ್ಲಿಲ್ಲ, ಡಾಕ್ಟರಿಗೆ ಬೇಸರವಾದೀತೆಂದು ಕಡಿಮೆ ಹೇಳಬೇಕಿಲ್ಲ ಎಂದು ತಿಳಿಸಿ. ತಾರೀಖು ಬರೆದು, ಎಕೋ ರಿಪೋರ್ಟಿನ ಫೈಲಿನಲ್ಲೇ ಇಡಿ. ಪ್ರತಿ ಸಲವೂ ಅದೇ ರೀತಿ ತುಂಬಿದರೆ ಎರಡು ಮೂರು ಹಾಳೆಗಳಲ್ಲಿ ದಿಕ್ಕು ಗೊತ್ತಾಗುತ್ತದೆ. ಹೊರೆ, ಭಯ, ಬೇಸರದ ಪ್ರಶ್ನೆಗಳಲ್ಲಿ ಅಂಕ ಮೇಲಿದ್ದರೆ ಅದನ್ನು ಡಾಕ್ಟರಿಗೆ ಬೊಟ್ಟಿಟ್ಟು ತೋರಿಸಿ. ಮನಸ್ಸಿನ ವಿಷಯಕ್ಕೆ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಆದರೆ ಇದ್ಯಾವುದಕ್ಕೂ ಕಾಯದೆ ಮಾಡಬೇಕಾದ್ದು ಒಂದಿದೆ. ಪ್ರೆಶರ್ ಇಳಿದಿದೆ ಎಂದ ಡಾಕ್ಟರಿಗೆ ಅತ್ತಿಗೆ ಮೊದಲಿಗಿಂತ ಹೆಚ್ಚು ಮಲಗುತ್ತಾರೆ ಎಂಬುದು ಗೊತ್ತಿದೆಯೇ? ನಿಮ್ಮ ಪತ್ರ ಓದಿದರೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಔಷಧದ ಅಡ್ಡ ಪರಿಣಾಮ, ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಬಲಹೃದಯದ ಬಳಲಿಕೆ, ಯಾವುದೂ ಇರಬಹುದು. ಹೆಚ್ಚಿನವಕ್ಕೆ ಪರಿಹಾರವಿದೆ. ಮುಂದಿನ ತಾರೀಖಿನವರೆಗೆ ಕಾಯದೆ ಈ ವಾರವೇ ಫೋನ್ ಮಾಡಿ ತಿಳಿಸಿ. ನಡೆಯುವಾಗ ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ, ಎದೆ ನೋವು ಬಂದರೆ, ಕಾಲು ಅಥವಾ ಹೊಟ್ಟೆ ಊದುತ್ತ ಹೋದರೆ ಆ ದಿನವೇ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ.